ಕಂಬಳಿಯಲ್ಲಿ ಸುತ್ತಿ ತಂದದ್ದು

ಕಲ್ಲೋಳಿ
3 ಆಗಸ್ಟ್ 2025

ದಡ್ಡಿಯ ಬೀರಪ್ಪನ ಗದ್ದುಗೆಯ ಅಪ್ಪಾರಿಗೆ ತಂಗಿ ವಿದ್ಯಾಳ ನಮಸ್ಕಾರಗಳು.

ರಾತ್ರಿ ಎರಡೂವರೆ. ನನ್ನನ್ನು ಎಬ್ಬಿಸಿದ್ದು ಒಂದು ಮುಲುಕು. ತಾಯಿ ಸತ್ತ ಕುರಿಮರಿಯೊಂದನ್ನು ಮೂಲೆಯಲ್ಲಿ ಬುಟ್ಟಿ ಮುಚ್ಚಿ ಇಟ್ಟಿದ್ದೇವೆ, ಬಾಟಲಿ ಹಾಲು ಒಗ್ಗದೆ ಅದೇ ಮುಲುಕುತ್ತಿದೆ ಅಂದುಕೊಂಡೆ. ಲೈಟು ಹಾಕಿ ಬುಟ್ಟಿ ಎತ್ತಿದರೆ ಮರಿ ಕಾಲು ಮಡಚಿಕೊಂಡು ಹಾಯಾಗಿ ಮಲಗಿತ್ತು. ಸದ್ದು ತೊಟ್ಟಿಲಿನದು. ದೀಪಾ ನಿದ್ದೆಯಲ್ಲೇ, ಒಂದೊಂದು ಉಸಿರು ಬಿಡುವಾಗಲೂ, ತಲೆಯ ಮೇಲೆ ಹೊರೆ ಹೊತ್ತವರ ಹಾಗೆ ಮುಲುಕುತ್ತಿದ್ದಳು. ಎಂಟು ತಿಂಗಳ ಕೂಸಿಗೆ ಯಾವ ಹೊರೆ?

ಆಮೇಲೆ ನಿದ್ದೆ ಹತ್ತಲಿಲ್ಲ, ಬರೆಯಲು ಕೂತೆ. ಅಪ್ಪ ತೀರಿಕೊಂಡು ನೀವು ಗದ್ದುಗೆಗೆ ಕೂತ ಮೇಲೆ ಇದು ಮೊದಲ ಶ್ರಾವಣ. ತಿಂಗಳಿಡೀ ಗುಡಿ ಬಿಡುವಂತಿಲ್ಲ, ಫೋನು ಮುಟ್ಟುವಂತಿಲ್ಲ ಎಂಬ ಕಟ್ಟಳೆ ಗೊತ್ತಿದ್ದೂ ನಿನ್ನೆ ನಿಮ್ಮ ನಂಬರಿಗೆ ಹಚ್ಚಿದ್ದೆ. ಎತ್ತಿದವರು ನಿಮ್ಮೂರ ಹಿರಿಯರು ಸತ್ತೆಪ್ಪ ಕಾಕಾ. "ಅಪ್ಪಾರ ಫೋನ ನನ್ನ ಕಿಸೇದಾಗ ಐತಿ, ಅಪ್ಪಾರು ಗದ್ದಗಿ ಮ್ಯಾಲ ಅದಾರ. ಏನ ಕೇಳೂದಿದ್ರೂ ಬರದ ಕಳಸವಾ. ಅಮಾಸಿ ತನಕ ನಿನಗೂ ಅಷ್ಟ, ಊರಿಗೂ ಅಷ್ಟ" ಎಂದರು. ನನ್ನ ಅಣ್ಣನ ಹತ್ತಿರ ಮಾತಾಡಲು ಅವರ ಕಿಸೆಯ ಅಪ್ಪಣೆ ಬೇಕಾಯಿತು ನೋಡಿ. ಇರಲಿ. ಕುರಿ ವ್ಯಾಪಾರದ ಭೀಮಶಿ ಕಾಕಾ ಸಂತೆಗೆಂದು ಆಗಾಗ ನಿಮ್ಮ ಕಡೆ ಟೆಂಪೊ ಒಯ್ಯುತ್ತಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ವಿಷಯ ಇಷ್ಟೇ. ದೀಪಾಳಿಗೆ ಮೈ ಹತ್ತುತ್ತಿಲ್ಲ. ಹಾಲು ಕುಡಿಯುತ್ತ ಕುಡಿಯುತ್ತಲೇ ತಲೆಯೆಲ್ಲ ಬೆವರಿ, ಸಾಕಾಗಿ ಬಿಟ್ಟುಬಿಡುತ್ತಾಳೆ. ಮೂಡಲಗಿಯಲ್ಲಿ ತೋರಿಸಿದೆವು, ಅವರು ಗೋಕಾಕಕ್ಕೆ ಕಳಿಸಿದರು. ಗೋಕಾಕದ ಮಕ್ಕಳ ಡಾಕ್ಟರು ಬೆಳಗಾವಿಗೆ ಒಯ್ಯಿರಿ ಅಂದಿದ್ದಾರೆ. ಮೂಡಲಗಿ, ಗೋಕಾಕ ಅಂದರೆ ಸಂತೆಗೆ ಹೋಗಿ ಬಂದ ಹಾಗೆ, ಬೆಳಗಾವಿ ದೂರ. ವರ್ಷ ತುಂಬದ ಕೂಸನ್ನು ಅಷ್ಟು ದೂರ ಒಯ್ಯುವ ಮೊದಲು ಗದ್ದುಗೆಯ ಮಾತು ಕೇಳುವುದು ಅತ್ತೆಯವರ ಮನೆಯ ನಡಾವಳಿ. ಅದಕ್ಕೆ ಕೇಳುತ್ತಿದ್ದೇನೆ. "ಹೋಗಿ ಬರಲಿ" ಎಂದು ಒಂದು ಸಾಲು ಬರೆದರೆ ಸಾಕು, ಮೈದುನನ ಜೀಪು ಬಾಗಿಲಲ್ಲೇ ಇದೆ.

ಬೆಳಿಗ್ಗೆ ಇದನ್ನು ಅತ್ತೆಗೆ ಓದಿ ಹೇಳಿ ಕಳಿಸುತ್ತೇನೆ.

ನಿಮ್ಮ ತಂಗಿ
ವಿದ್ಯಾ


ದಡ್ಡಿ
5 ಆಗಸ್ಟ್ 2025

ಕಲ್ಲೋಳಿಯ ಭರಮವ್ವನವರಿಗೂ ಅವರ ಸೊಸೆಗೂ ಗದ್ದುಗೆಯ ಆಶೀರ್ವಾದ.

ನಿನ್ನೆ ಪೂಜೆ ಮುಗಿದ ಮೇಲೆ ಹಿರಿಯರ ಎದುರಿಗೆ ನಿಮ್ಮ ಪ್ರಶ್ನೆಯನ್ನು ಇಟ್ಟೆವು. ಬಂದ ಮಾತು ಹೀಗಿದೆ. ಅಮಾವಾಸ್ಯೆ ಕಳೆಯುವ ತನಕ ಸೀಮೆ ದಾಟಿಸಬಾರದು. ಬೆರೆಸಬಾರದು. ಬೇರೆ ನೀರು ಕುಡಿಸಬಾರದು. ಕಳೆದ ಮೇಲೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಭಂಡಾರದ ಅರಿಸಿನ ಕಳಿಸಿದೆ, ಹಣೆಗೆ ಹಚ್ಚಿರಿ. ಮಾತು ಹೊರಟಾಗ ಭೀಮಶಿಯೂ ಇದ್ದ, ಬಾಯಿಂದಲೂ ಹೇಳುತ್ತಾನೆ.

ವಿದ್ಯಾ, ಇಲ್ಲಿಂದ ಮುಂದೆ ನಿನಗೊಬ್ಬಳಿಗೆ. ಚೊಚ್ಚಲ ತಾಯಿಗೆ ನಿದ್ದೆ ಇರುವುದಿಲ್ಲ, ನಿದ್ದೆಗೆಟ್ಟ ಕಿವಿಗೆ ಸಣ್ಣ ಸದ್ದೂ ದೊಡ್ಡದು. ಗಂಡ ಕುರಿ ಹಿಂಡಿನ ಜೊತೆ ಅಥಣಿ ಕಡೆ ಇದ್ದಾನೆ. ಬೆಳಗಾವಿಗೆ ಹೋದರೆ ನಾಲ್ಕು ದಿನ ಅತ್ತೆಯ ಕಣ್ಣು ತಪ್ಪೀತು ಎಂಬ ಆಸೆಯೂ ಒಳಗೆಲ್ಲೋ ಇರಬಹುದು, ಅದು ತಪ್ಪಲ್ಲ. ಆದರೆ ಅಮಾವಾಸ್ಯೆ ದೂರವಿಲ್ಲ. ಸಮಾಧಾನ ತಂದುಕೊ.

ಶಿವಾನಂದ ಪೂಜಾರಿ


ಕಲ್ಲೋಳಿ
7 ಆಗಸ್ಟ್ 2025

ಅಣ್ಣಾ,

ಈ ಪತ್ರವನ್ನು ಅತ್ತೆಗೆ ಓದಿ ಹೇಳುವುದಿಲ್ಲ. ಅವರು ಹೊಲಕ್ಕೆ ಹೋಗಿದ್ದಾರೆ. ಹೋದ ಸಲ ನೀವು ತಾವು ಎಂದದ್ದೆಲ್ಲ ಅವರ ಕಿವಿಗೆ. ಇದು ನನ್ನ ಅಣ್ಣನಿಗೆ.

ಹೋದ ಪತ್ರದಲ್ಲಿ ಅರ್ಧ ಮಾತ್ರ ಬರೆದಿದ್ದೆ. ನೀನು ಹೇಗೂ ಹೋಗಿ ಬರಲಿ ಅನ್ನುತ್ತೀ, ಉಳಿದದ್ದು ಯಾಕೆ ಎಂದು ನುಂಗಿಕೊಂಡೆ. ಉಳಿದರ್ಧ ಇದು. ಗೋಕಾಕದ ಡಾಕ್ಟರು ದೀಪಾಳ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಕಣ್ಣು ಮುಚ್ಚಿ ಕೇಳಿದರು, ಬೆನ್ನಿಗಿಟ್ಟು ಕೇಳಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.

"ಗುಂಡಿಗ್ಯಾಗ ಒಂದ ಸಪ್ಪಳಾ ಐತ್ರಿ. ತೂತ ಇರಬಹುದು. ಎಷ್ಟ ದೊಡ್ಡದು, ಯಾವ ಕಡೆ, ಅದು ನನಗ ಗೊತ್ತಾಗವಲ್ದು. ಅದನ್ನ ನೋಡೂ ಮಶೀನ ನನ್ನ ಕಡೆ ಇಲ್ಲ. ಇದ್ರೂ ಅದನ್ನ ಓದಾಕ ನಾ ಕಲತಾಕಿ ಅಲ್ಲ. ಬೆಳಗಾವ್ಯಾಗ ಅದನ್ನ ನೋಡವ್ರು ಅದಾರ, ಚೀಟಿ ಕೊಡ್ತೇನಿ. ತಡಾ ಮಾಡಬ್ಯಾಡ್ರಿ."

ನಾನು ಸತ್ತೇ ಹೋದೆ ಅಂದುಕೊಳ್ಳಬೇಕಿತ್ತು, ಆದರೆ ಆ ಗಳಿಗೆಯಲ್ಲಿ ಯಾರೋ ಬೆನ್ನಿಗೆ ಕೈ ಇಟ್ಟ ಹಾಗಾಯಿತು. ಅಷ್ಟು ದಿನ ಎಲ್ಲರೂ ಎಲ್ಲವೂ ಗೊತ್ತಿದ್ದವರಂತೆ ಹೇಳಿದ್ದರು. ಹಲ್ಲು ಬರಾಕತ್ತಾವು, ದೃಷ್ಟಿ ಆಗೇತಿ, ನಿನ್ನ ಹಾಲ ತೆಳ್ಳಗ ಐತಿ. ಗೊತ್ತಿಲ್ಲ ಅಂದವರು ಅವರೊಬ್ಬರೇ. ಗೊತ್ತಿದ್ದವರ ದಾರಿ ತೋರಿಸಿದವರೂ ಅವರೊಬ್ಬರೇ.

ಅತ್ತೆ ಬಾಗಿಲಾಚೆ ಕೂತಿದ್ದರು. ಡಾಕ್ಟರು ಹೊರಗೆ ಬಂದು "ನನಗ ಪೂರ್ತಿ ಗೊತ್ತಾಗವಲ್ದು ಆಯೀ, ಬೆಳಗಾವಿಗೆ ಒಯ್ರಿ" ಎಂದರು. ಬಸ್ ಸ್ಟ್ಯಾಂಡಿನ ತನಕ ಅತ್ತೆಯದು ಒಂದೇ ಮಾತು. "ಗೊತ್ತಿಲ್ಲ ಅನ್ನಾಕ ರೊಕ್ಕಾ ತಗೊಂಡ್ಳಲ್ಲವಾ ಆಕಿ. ಅಷ್ಟ ಆಗಿದ್ರ ನಾನೂ ಒಂದ ದವಾಖಾನಿ ತಗೀತಿದ್ನಿ. ನಮ್ಮ ಗದ್ದಗಿ ಒಂದಿನಾರ ಗೊತ್ತಿಲ್ಲ ಅಂದೈತೇನ? ಒಂದ ತೆಂಗಿನಕಾಯ್ಯಾಗ ಎಲ್ಲಾ ಹೇಳತೈತಿ."

ಗುಂಡಿಗೆ ತೂತು ಎಂಬ ಮಾತನ್ನು ನಾನು ಅವರಿಗೆ ಹೇಳಲಿಲ್ಲ. ಹೆಣ್ಣು ಕೂಸು, ಊರಲ್ಲಿ ಹಬ್ಬಿದರೆ ಬೆಳೆದ ಮೇಲೂ ಬೆನ್ನು ಬಿಡುವುದಿಲ್ಲ ಎಂದು ಸುಮ್ಮನಾದೆ. ಅದೇ ತಪ್ಪಾಯಿತೋ ಏನೋ.

ಈಗ ನಿನ್ನ ಮಾತು ಬಂದು ಕೂತಿದೆ. ಭೀಮಶಿ ಕಾಕಾ ಅದನ್ನು ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. ಮೈದುನ ಜೀಪಿನ ಚಾವಿ ತಂದು ದೇವರ ಜಗಲಿಯ ಮೇಲೆ, ಭಂಡಾರದ ಪೊಟ್ಟಣದ ಪಕ್ಕ ಇಟ್ಟ. ಸೀಮೆ ಅಂದ ಮೇಲೆ ಈಗ ಗೋಕಾಕವೂ ಇಲ್ಲ, ಮೂಡಲಗಿಯೂ ಇಲ್ಲ. ಅತ್ತೆಯನ್ನು ನಾನು ದೂರುವುದಿಲ್ಲ. ಬೇರೆ ನೀರು ಕುಡಿಸಬಾರದು ಎಂದು ನೀನು ಬರೆದದ್ದಕ್ಕೆ ನಳದ ನೀರು ಬಿಟ್ಟು ನಮ್ಮದೇ ಬಾವಿಯಿಂದ ಸೇದಿ ತರುತ್ತಿದ್ದಾರೆ. ಮೊಣಕಾಲು ಮಡಚಲು ಬಾರದವರು. ಕೊಡ ಇಳಿಸಿ, ಕೂಸಿನ ಪಾದ ಮುಟ್ಟಿ, ಆಮೇಲೆ ಕೂರುತ್ತಾರೆ. ಅವರ ಕಣ್ಣು ತಪ್ಪಿಸಿಕೊಳ್ಳುವ ಆಸೆ ನನಗಿದೆ ಎಂದು ನೀನು ಹೇಗೆ ಬರೆದೆ?

ಒಂದು ಸಾಲು ಬದಲಿಸಿ ಕಳಿಸು. ಅಷ್ಟೇ.

ವಿದ್ಯಾ


ದಡ್ಡಿ
10 ಆಗಸ್ಟ್ 2025

ವಿದ್ಯಾ,

ನಿನ್ನ ಪತ್ರ ಬಂದಾಗ ಗದ್ದುಗೆಯ ಸುತ್ತ ಜನ ಇದ್ದರು. ಒಂದು ಸಾಲು ಓದಿ ಮಡಚಿ ಇಟ್ಟುಕೊಂಡೆ. ಎಲ್ಲರೂ ಎದ್ದು ಹೋದ ಮೇಲೆ ಪೂರ್ತಿ ಓದಿದೆ.

ತೂತು ಇರಬಹುದು ಎಂದಿದ್ದಾರೆ. ಇರಬಹುದು ಎಂದರೆ ಇಲ್ಲದಿರಬಹುದು ಎಂದೂ ಆಯಿತಲ್ಲ? ಡಾಕ್ಟರೇ ಗೊತ್ತಿಲ್ಲ ಎಂದ ಮೇಲೆ ನೀನೇಕೆ ಗೊತ್ತಿದ್ದವಳಂತೆ ಹೆದರುತ್ತೀ?

ಓದಿದವಳು ನೀನೊಬ್ಬಳೇ ಅಲ್ಲ. ನಾನೂ ಬಿ.ಎಡ್. ಮುಗಿಸಿ ಸಾಲಿ ಮಾಸ್ತರನಾಗಬೇಕಿದ್ದವನು. ಅಪ್ಪನ ದಿನಕರ್ಮ ಮುಗಿದ ಸಂಜೆ ಹಿರಿಯರು ರಟ್ಟೆ ಹಿಡಿದು ಇಲ್ಲಿ ಕೂರಿಸಿದರು. ಕೂತ ಮೇಲೆ ಕೂತ ಹಾಗೆ ಇರಬೇಕು. ಇಲ್ಲಿಂದ ಹೊರಟ ಮಾತು ನನ್ನದಲ್ಲ, ಸೀಟಿ ಹೊಡೆದರೆ ಹಿಂದಿರುಗಲು ಅದು ಮೇಯಲು ಬಿಟ್ಟ ಕುರಿಯೂ ಅಲ್ಲ. ತಂಗಿಗೊಂದು ಮಾತು, ಊರಿಗೊಂದು ಮಾತು ಎಂದಾದರೆ ನಾಳೆ ಯಾರು ಬಂದು ಕೂರುತ್ತಾರೆ? ಸತ್ತೆಪ್ಪ ಕಾಕಾ ಮೊನ್ನೆ ನಗುನಗುತ್ತ "ಅಪ್ಪಾರ, ತಂಗಿ ಪತ್ರಾ ಭಾಳ ಬರಾಕತ್ತಾವಲ್ರಿ, ಅಷ್ಟ ಪತ್ರಾ ನಮ್ಮ ಎಲೆಕ್ಷನ್ನಾಗೂ ಬರಲಿಲ್ಲ" ಎಂದರು. ನಗುತ್ತಲೇ ಅಂದರು. ನಾನು ನಗಲಿಲ್ಲ.

ಇನ್ನೊಂದು. ಈ ಮಾತು ನಾನು ಹುಟ್ಟಿಸಿದ್ದಲ್ಲ. ಇದೇ ಗದ್ದುಗೆಯ ಮೇಲೆ ಅಪ್ಪ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ, ಒಬ್ಬ ಹೆಣ್ಣುಮಗಳಿಗೆ. ಅವಳ ಕೂಸು ಉಳಿಯಿತು.

ನೀನು ಚಿಕ್ಕಂದಿನಿಂದಲೂ ಅಪ್ಪನನ್ನು ಎರಡು ಸಲ ಕೇಳಿ ನಂಬುವವಳು. ಈ ಸಲ ಒಂದೇ ಸಲಕ್ಕೆ ನಂಬು.

ಶಿವಾನಂದ


ಕಲ್ಲೋಳಿ
13 ಆಗಸ್ಟ್ 2025

ಅಣ್ಣಾ,

ನಂಬಲು ಕೂತೆ. ಮೂರು ದಿನ ಕೂತೆ. ಆ ಮೂರು ದಿನದಲ್ಲಿ ದೀಪಾ ಹಾಲು ಎಳೆಯುವುದನ್ನೇ ಅರ್ಧಕ್ಕೆ ತಂದಿದ್ದಾಳೆ. ಮೊದಲು ಹಸಿದು ಅಳುತ್ತಿದ್ದಳು, ಈಗ ಅಳುವುದೂ ಕೆಲಸವಾಗಿದೆ ಅವಳಿಗೆ. ಪಕ್ಕೆಲುಬಿನ ಕೆಳಗೆ ಉಸಿರಿಗೊಮ್ಮೆ ಗುಳಿ ಬೀಳುತ್ತದೆ. ಅಂಗಿ ಬಿಚ್ಚಿ ಅತ್ತೆಗೆ ತೋರಿಸಿದೆ. ಅವರು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಅಮಾಸಿ ತನಕ ಅಂದಾರ ತಂಗಿ, ಅಂದವ್ರಿಗೆ ಕಾಣಸ್ತೈತಿ, ನಮಗ ಕಾಣಸೂದಿಲ್ಲ. ಹತ್ತ ದಿನಾ ಜ್ವಾಪಾನ ಮಾಡಾಕ ಆಗೂದಿಲ್ಲೇನ ನಮ್ಮ ಕಡಿಂದ?" ಎಂದರು.

ಗೋಕಾಕದ ಡಾಕ್ಟರಿಗೆ ಫೋನು ಮಾಡಿದೆ. ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿಯಲು ಹೇಳಿ, ಕೇಳಿ, "ವಿದ್ಯಾ, ನೀವು ಇನ್ನೂ ಮನ್ಯಾಗ ಯಾಕ ಅದೀರಿ?" ಎಂದರು. ನಮ್ಮಣ್ಣ ಬೇಡ ಅಂದಿದ್ದಾನೆ ಎಂದು ಹೇಗೆ ಹೇಳಲಿ? ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ನಿನ್ನ ಭಾವ ಮಾಲಿಂಗಪ್ಪನಿಗೂ ಫೋನು ಮಾಡಿದೆ. ಹಿಂದೆ ಕುರಿಗಳ ಸದ್ದು, ಗಾಳಿ. "ನಾ ಬರ್ಲೇನ?" ಎಂದರು ಮೊದಲು. ಆಮೇಲೆ ಗದ್ದುಗೆಯ ಮಾತು ಹೀಗೆ ಎಂದು ಗೊತ್ತಾದದ್ದೇ ದನಿ ಇಳಿಯಿತು. "ನೀ ಗದ್ದಗಿ ಮನಿ ಮಗಳು. ನೀನ ದಾಟೂಣು ಅಂದ್ರ ನಾ ಏನ ಹೇಳ್ಲಿ? ನಿಮ್ಮಣ್ಣಗ ಕೇಳ, ಆಂವ ಹೂಂ ಅಂದ್ರ ಹಿಂಡ ಬಿಟ್ಟ ಇವತ್ತ ಬರ್ತೇನಿ." ಎಲ್ಲ ದಾರಿಯೂ ತಿರುಗಿ ತಿರುಗಿ ನಿನ್ನ ಬಾಯಿಗೇ ಬಂದು ನಿಲ್ಲುತ್ತದೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಅಪ್ಪ ಹೇಳಿದ್ದು ಯಾರಿಗೆ? ಯಾವ ಊರಿನವಳು? ಕೂಸಿನ ಹೆಸರೇನು, ಈಗ ಎಷ್ಟು ದೊಡ್ಡದಾಗಿದೆ? ನಾನೂ ಅದೇ ಮನೆಯಲ್ಲಿ, ಅದೇ ಗದ್ದುಗೆಯ ಹಿಂದೆ ಆಡಿ ಬೆಳೆದವಳು. ಅಪ್ಪ ಮಕ್ಕಳಿಗೆ ಭಂಡಾರ ಹಚ್ಚುತ್ತಿದ್ದರು, ತಲೆ ಮುಟ್ಟುತ್ತಿದ್ದರು. ಕೂಸಿಗೆ ಸೀಮೆ ಕಟ್ಟಿದ್ದು ನಾನು ಕೇಳಿಲ್ಲ. ಬೆರೆಸಬಾರದು ಎಂದು ಬರೆದಿದ್ದೀಯಲ್ಲ, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನಾನು ಯಾವುದರಲ್ಲಿ ಬೆರೆಸಲಿ, ಅಣ್ಣಾ?

ಒಂದೇ ಪ್ರಶ್ನೆ ಕೇಳುತ್ತೇನೆ. ಪೂಜಾರಿಗಲ್ಲ. ಆ ಮಾತು ನಿನಗೆ ಬಂತೋ, ನೀನು ತಂದೆಯೋ?

ವಿದ್ಯಾ


ದಡ್ಡಿ
15 ಆಗಸ್ಟ್ 2025

ವಿದ್ಯವ್ವಾ,

ಹೊರಗೆ ಸಾಲಿ ಮಕ್ಕಳು ಝಂಡಾ ಹಿಡಿದು ಕೂಗುತ್ತ ಹೋದರು. ಅವರ ಹಿಂದೆ ಬಿಳಿ ಅಂಗಿ ಹಾಕಿಕೊಂಡು ನಡೆಯಬೇಕಾದವನು ನಾನು ಎಂದು ನೋಡುತ್ತ ನಿಂತಿದ್ದೆ. ಮಾಸ್ತರನಿಗೆ ಪ್ರಶ್ನೆ ಬಂದರೆ ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಅನ್ನಬಹುದು.

ತಂದೆ.

ಒಂದೇ ಪದದಲ್ಲಿ ಮುಗಿಯುವ ಉತ್ತರ, ಎರಡು ದಿನ ಹಿಡಿಯಿತು. ನಿನ್ನ ಮೊದಲ ಪತ್ರವನ್ನು ಭೀಮಶಿ ಎಲ್ಲರೆದುರಿಗೆ ಓದಿಸಿದ. ನಾನು ಕಣ್ಣು ಮುಚ್ಚಿ ಕೂತೆ. ಏನೂ ಬರಲಿಲ್ಲ. ಇಲ್ಲಿ ಕೂತ ದಿನದಿಂದ ಒಮ್ಮೆಯೂ ಬಂದಿಲ್ಲ. ಮಳೆ ಕೇಳುತ್ತಾರೆ, ಆಗುತ್ತದೆ ಅನ್ನುತ್ತೇನೆ. ಇವತ್ತಲ್ಲ ನಾಳೆ ಆಗೇ ಆಗುತ್ತದೆ. ಹೆಣ್ಣು ಕೇಳುತ್ತಾರೆ, ಕೂಡುತ್ತದೆ ಅನ್ನುತ್ತೇನೆ. ಅವೆಲ್ಲ ಯಾರನ್ನೂ ಕೊಲ್ಲುವ ಮಾತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅಂದು ಸುಮ್ಮನಿರುವುದು ಬಹಳ ಹೊತ್ತಾಯಿತು. ಯಾರೋ ಮಗ್ಗುಲು ಬದಲಿಸಿದರು. ಸತ್ತೆಪ್ಪ ಕಾಕಾ ಕೆಮ್ಮಿದರು. ಗದ್ದುಗೆ ಬರಿದಾಗಿದೆ ಎಂದು ತಿಳಿದುಬಿಡುತ್ತಾರೆ ಅನ್ನಿಸಿತು, ಆಗ ಅಪ್ಪನ ಮಾತು ನಾಲಗೆಗೆ ಸಿಕ್ಕಿತು. ಸೀಮೆ ದಾಟಿಸಬೇಡ, ಬೆರೆಸಬೇಡ, ಬೇರೆ ನೀರು ಕುಡಿಸಬೇಡ. ಅಪ್ಪನ ದನಿಯಲ್ಲೇ ಹೇಳಿದೆ. ಎಲ್ಲರೂ ತಲೆ ಬಾಗಿದರು.

ಆ ಹೆಣ್ಣುಮಗಳು ಯಾರು ಎಂದು ಕೇಳಿದೆಯಲ್ಲ. ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಕೂಸು ಉಳಿಯಿತು ಎಂದು ಬರೆದದ್ದೂ ಗೊತ್ತಿದ್ದಲ್ಲ. ನಾನು ಏಳೆಂಟು ವರ್ಷದವನು. ಅವಳು ಏನನ್ನೋ ಕಂಬಳಿಯಲ್ಲಿ ಸುತ್ತಿ ಎದೆಗವಚಿ ತಂದಿದ್ದಳು, ಅಪ್ಪ ಕಂಬಳಿಯ ಅಂಚು ಸರಿಸಿ ನೋಡಿ ಈ ಮಾತು ಹೇಳಿದರು. ಅದು ಕೂಸು ಎಂದೇ ಇಷ್ಟು ವರ್ಷ ನನ್ನ ತಲೆಯಲ್ಲಿತ್ತು. ನಿನ್ನ ಪತ್ರ ಓದಿದ ಮೇಲೆ ಮತ್ತೆ ಮತ್ತೆ ನೆನೆಸಿಕೊಂಡೆ. ಅದೇ ವರ್ಷ ಕುರಿಗಳಿಗೆ ಕಾಲುಬಾಯಿ ಬೇನೆ ಬಂದು ಊರೂರಿನ ಹಿಂಡು ಸತ್ತಿತ್ತು. ಬೇನೆ ಬಂದದ್ದನ್ನು ಬೇರೆ ಹಿಂಡಿನಲ್ಲಿ ಬೆರೆಸಬಾರದು, ಬೇರೆ ಹಿಂಡು ಕುಡಿಯುವ ಕೆರೆಗೆ ಬಿಡಬಾರದು, ಸೀಮೆ ದಾಟಿಸಬಾರದು. ಈಗ ಕಣ್ಣು ಮುಚ್ಚಿದರೆ ಆ ಕಂಬಳಿಯ ಅಂಚಿನಿಂದ ಹೊರಗೆ ಕಾಣುವುದು ಕೂಸಿನ ಪಾದವಲ್ಲ, ಗೊರಸು. ಅದೂ ಖರೆಯೋ, ಹೆದರಿಕೆಯಿಂದ ಈಗ ಹಾಗೆ ಕಾಣುತ್ತಿದೆಯೋ, ನನಗೆ ಗೊತ್ತಿಲ್ಲ.

ನೀನು ಒಂದು ಕೆಲಸ ಮಾಡು. ಯಾರಿಗೂ ಹೇಳದೆ ಕೂಸನ್ನು ಎತ್ತಿಕೊಂಡು ಬೆಳಗಾವಿಗೆ ಹೋಗು. ನನಗೆ ಗೊತ್ತಿಲ್ಲದ ಹಾಗೆ ಇರುತ್ತೇನೆ. ಆಮೇಲೆ ಕೇಳಿದರೆ ದೇವರು ಕ್ಷಮಿಸಿದ್ದಾನೆ ಎಂದು ಏನಾದರೂ ಹೇಳುತ್ತೇನೆ. ಈ ಪತ್ರವನ್ನು ಒಲೆಗೆ ಹಾಕು.

ನಿನ್ನ ಅಣ್ಣ


ಕಲ್ಲೋಳಿ
17 ಆಗಸ್ಟ್ 2025, ರಾತ್ರಿ

ಅಣ್ಣಾ,

ಒಲೆಗೆ ಹಾಕಲಿಲ್ಲ. ಅತ್ತೆಗೆ ಓದಿ ಹೇಳಿದೆ. ನೀನು ಬೈದುಕೊ, ನನಗೆ ಬೇರೆ ದಾರಿ ಇರಲಿಲ್ಲ. ಗುಂಡಿಗೆ ತೂತಿನ ಮಾತನ್ನೂ ಹೇಳಿದೆ. ಇವತ್ತು ಸಂಜೆ ಅಡುಗೆಮನೆಯಲ್ಲಿ ಕೂರಿಸಿಕೊಂಡು ಒಂದಕ್ಷರ ಬಿಡದೆ ಓದಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಓದಲು ಬಾರದವರು.

"ಇದನ್ನ ನೀನ ಬರದಿರಬಹುದು" ಎಂದರು. ಸಿಟ್ಟಿನಿಂದ ಅಲ್ಲ. "ನಾ ನಿನ್ನ ಜಾಗಾದಾಗ ಇದ್ರ ನಾನೂ ಬರೀತಿದ್ನಿ. ಇಲ್ಲಾ, ತಂಗಿ ಅಳಾಕತ್ತಾಳಂತ ಆಂವ ಕರಳ ಕಿತ್ತ ಬಂದ ಬರದಿರಬಹುದು. ಅಕ್ಷರಾ ಯಾರ ಕೈಲಾದ್ರೂ ಬರದಾವು ತಂಗಿ. ಗದ್ದಗಿ ಮ್ಯಾಲ ಬಾಯಿಲೆ ಅಂದದ್ದನ್ನ ಬಾಯಿಲೆ ತಗೀಬೇಕು. ಅಪ್ಪಾರು ನನ್ನ ಕಿವ್ಯಾಗ ಅನ್ಲಿ, ನಾನ ಮುಂದ ಕುಂದ್ರತೇನಿ ಜೀಪಿನ್ಯಾಗ."

ಇದು ಅವರ ಮಾತು. ಇದಕ್ಕಿಂತ ಹೆಚ್ಚು ಅವರು ಏನು ಕೊಡಬಲ್ಲರು?

ನೀನು ಗುಟ್ಟಾಗಿ ಹೋಗು ಎಂದು ಬರೆದಿದ್ದೀಯ. ಹೋಗಲು ನೋಡಿದೆ. ಇದನ್ನು ಯಾರಿಗೂ ಹೇಳಿಲ್ಲ. ನಿನ್ನ ಪತ್ರ ಬಂದ ದಿನ ಸಂಜೆ, ಅತ್ತೆ ಬಾವಿಗೆ ಹೋದಾಗ, ದೀಪಾಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರ ಹೊರಗಿನ ಸೀಮೆಕಲ್ಲಿನ ತನಕ ನಡೆದೆ. ಚೀಟಿ, ಆಧಾರ ಕಾರ್ಡು, ಎರಡು ಜೊತೆ ಬಟ್ಟೆ, ಎಲ್ಲ ಚೀಲದಲ್ಲಿತ್ತು. ಗೋಕಾಕದ ಬಸ್ಸು ಬಂತು. ಕೈ ಮಾಡದಿದ್ದರೂ ಕೂಸಿದೆ ಎಂದು ನಿಲ್ಲಿಸಿದರು. ಬಸ್ಸು ನಿಂತದ್ದು ಕಲ್ಲಿನಿಂದ ನಾಲ್ಕು ಮಾರು ಆಚೆ. ಕಂಡಕ್ಟರ ಬಾಗಿಲು ತೆಗೆದು "ಬರ್ರಿ ಅಕ್ಕಾರ, ಲಗೂನ" ಎಂದ. ಯಾರೂ ನನ್ನನ್ನು ತಡೆದಿರಲಿಲ್ಲ, ಅಣ್ಣಾ. ಅತ್ತೆ ಇಲ್ಲ, ಮೈದುನ ಇಲ್ಲ. ನನ್ನ ಕಾಲೇ ಏಳಲಿಲ್ಲ. ಬಿ.ಎಸ್ಸಿ. ಓದುವಾಗ ಗುಂಡಿಗೆಯ ನಾಲ್ಕು ಕೋಣೆಗಳ ಚಿತ್ರ ಬರೆದು ಬಣ್ಣ ತುಂಬಿದ ಇದೇ ಕೈ ಆ ಕಲ್ಲನ್ನು ಹಿಡಿದುಕೊಂಡಿತ್ತು. ದಾಟಿದ ಮೇಲೆ ದಾರಿಯಲ್ಲಿ ಏನಾದರೂ ಆದರೆ ಅದು ತೂತಿನಿಂದ ಆಯಿತೋ ನಾನು ದಾಟಿದ್ದರಿಂದ ಆಯಿತೋ ಎಂದು ಸಾಯುವ ತನಕ ಯಾರು ಹೇಳುತ್ತಾರೆ ನನಗೆ? "ಅಕ್ಕಾರ, ಬರ್ತೀರೋ ಇಲ್ಲೋ?" ಎಂದ. ತಲೆ ಅಲ್ಲಾಡಿಸಿದೆ. ಬಸ್ಸು ಹೋಯಿತು. ನಿನ್ನ ಪತ್ರ ಚೀಲದಲ್ಲೇ ಇತ್ತು, ಸುಳ್ಳು ಎಂದು ನೀನೇ ಬರೆದುಕೊಟ್ಟ ಪತ್ರ. ಆದರೂ ದಾಟಲಿಲ್ಲ. ಕಾಗದ ಓದಿದ್ದು ನನ್ನ ತಲೆ. ಗದ್ದುಗೆಯ ಮಾತು ಕುಳಿತಿರುವುದು ಇನ್ನೆಲ್ಲೋ, ಅಪ್ಪ ನನ್ನ ನೆತ್ತಿ ಮುಟ್ಟಿದ ದಿನದಿಂದ. ಅತ್ತೆಯನ್ನು ನೋಡಿ ಹೇಗೆ ನಗಲಿ ನಾನು?

ಅದಕ್ಕೇ ನೀನು ಫೋನು ಮಾಡಿ ಬಾಯಿಂದಲೇ ಹೇಳಬೇಕು, ಅವರೊಬ್ಬರಿಗಲ್ಲ. ನನಗೂ ಬೇಕು.

ಈಗ ದೀಪಾಳ ಸ್ಥಿತಿ ಬರೆಯುತ್ತೇನೆ, ಬರೆಯದೆ ಗತಿಯಿಲ್ಲ. ಇವತ್ತು ಇಡೀ ದಿನ ಎರಡು ಸಲ ಬಿಟ್ಟರೆ ಕುಡಿದಿಲ್ಲ. ತುಟಿಯ ಸುತ್ತ ನೇರಳೆ ಹಣ್ಣು ತಿಂದಂಥ ಬಣ್ಣ ಬರುತ್ತದೆ, ಹೋಗುತ್ತದೆ. ಮಲಗಿಸಿದರೆ ಉಸಿರು ಕಟ್ಟುತ್ತದೆ, ಹೆಗಲಿಗೆ ಹಾಕಿಕೊಂಡರೆ ಸ್ವಲ್ಪ ಬಿಡುತ್ತದೆ. ಈ ಪತ್ರವನ್ನೂ ಅವಳನ್ನು ಎಡ ಹೆಗಲಿಗೆ ಹಾಕಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ. ಸಂಜೆ ಡಾಕ್ಟರಿಗೆ ಮತ್ತೆ ಫೋನು ಮಾಡಿದ್ದೆ. ಈ ಸಲ ನೆಟ್‌ವರ್ಕಿನ ಮೇಲೆ ಹಾಕಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ಅಮಾಸಿ ತನಕ ಈ ಕೂಸಿನ ಕಡಿಂದ ಆಗೂದಿಲ್ಲ ವಿದ್ಯಾ. ನಾಳಿ ಮುಂಜಾನಿ ಬೆಳಗಾವ್ಯಾಗ ಇರಬೇಕು. ನಾ ಅಲ್ಲಿ ಮಾತಾಡಿ ಇಟ್ಟಿರ್ತೇನಿ" ಎಂದರು. ಹೋದರೆ ಉಳಿಯುತ್ತಾಳಾ ಎಂದು ಕೇಳಿದೆ. "ಅದು ನನಗ ಗೊತ್ತಿಲ್ಲ, ಸುಳ್ಳ ಹೇಳೂದಿಲ್ಲ" ಎಂದರು.

ನೋಡು, ಆ ಮಾತು ಹೇಳಿ ಅವರೇನೂ ಸಣ್ಣವರಾಗಲಿಲ್ಲ.

ನಿನ್ನದು ಅಷ್ಟು ಸುಲಭವಲ್ಲ ಎಂದು ನನಗೆ ಗೊತ್ತು. ಶ್ರಾವಣದ ಕಟ್ಟಳೆ ಮುರಿಯಬೇಕು. ಸತ್ತೆಪ್ಪ ಕಾಕಾನನ್ನು ಎಬ್ಬಿಸಿ ಅವರ ಕಿಸೆಯಿಂದ ಫೋನು ಕೇಳಬೇಕು. ಅವರು ಅಲ್ಲಿಂದ ಕದಲುವುದಿಲ್ಲ, ನಿಂತು ಕೇಳುತ್ತಾರೆ. ಬೆಳಗಾಗುವುದರೊಳಗೆ ಮೂರು ಊರಿಗೆ ಗೊತ್ತಾಗುತ್ತದೆ. ನಿನ್ನನ್ನು ಎಬ್ಬಿಸಿ ಬೇರೆಯವರನ್ನು ಕೂರಿಸಬಹುದು. ಕೂರಿಸದೆಯೂ ಇರಬಹುದು. ಏನಾಗುತ್ತದೆ ಎಂದು ನಾನು ಹೇಳಲಾರೆ, ನನಗೂ ಗೊತ್ತಿಲ್ಲ. ನಿನಗೆ ಇದರಿಂದ ಒಳ್ಳೆಯದೇ ಆಗುತ್ತದೆ ಎಂದು ಬರೆದು ನಿನ್ನನ್ನು ಪುಸಲಾಯಿಸುವಷ್ಟು ಹೊತ್ತು ಇಲ್ಲ.

ಹೊಸದೇನೂ ಹೇಳಬೇಡ. ಹೋಗಿ ಬರಲಿ ಎಂದು ದೇವರ ಹೆಸರಲ್ಲಿ ಇನ್ನೊಂದು ಮಾತು ತರಬೇಡ. ಅದನ್ನು ತಂದರೆ ನಾಳೆ ಇನ್ನೊಬ್ಬಳ ಕೂಸಿಗೆ ಇನ್ನೊಂದು ತರುತ್ತೀ. ನನಗೆ ಬರೆದದ್ದನ್ನೇ ಅತ್ತೆಗೆ ಹೇಳು. ಭರಮವ್ವಾ, ಆ ಮಾತು ಬಂದದ್ದಲ್ಲ, ನಾನು ತಂದದ್ದು, ಅದು ಕುರಿಗೆ ಹೇಳಿದ್ದೋ ಕೂಸಿಗೆ ಹೇಳಿದ್ದೋ ನನಗೆ ಗೊತ್ತಿಲ್ಲ, ಕೂಸಿನ ವಿಷಯ ನನಗೆ ತಿಳಿಯುವುದಿಲ್ಲ, ತಿಳಿದವರ ಹತ್ತಿರ ಒಯ್ಯಿರಿ. ನಿನ್ನ ಸ್ವಂತ ದನಿಯಲ್ಲಿ ಹೇಳು, ಅಪ್ಪನ ದನಿಯಲ್ಲಿ ಬೇಡ.

ಭೀಮಶಿ ಕಾಕಾ ಕುರಿ ತುಂಬಿಕೊಂಡು ಈಗ ಹೊರಡುತ್ತಾರೆ, ಹೊರಗೆ ಟೆಂಪೊ ಶುರುವಾಗಿದೆ. ಸಂತೆಗೆ ಹೋಗುವ ಮೊದಲು ನೇರ ಗುಡಿಗೇ ಬಂದು, ಮಲಗಿದ್ದರೂ ಎಬ್ಬಿಸಿ, ನಿನ್ನ ಕೈಯಲ್ಲೇ ಕೊಡುತ್ತೇನೆ ಎಂದಿದ್ದಾರೆ. ಕೂಸಿನ ಸ್ಥಿತಿ ಕೇಳಿ ಅಥಣಿಯಿಂದ ಇವರೂ ಹೊರಟಿದ್ದಾರೆ, ಆದರೆ ಬಂದರೂ ಅವರು ಕೇಳುವುದು ಅದೇ, ಅಣ್ಣ ಏನಂದ ಎಂದು. ಮೈದುನ ಎಚ್ಚರವಾಗೇ ಇದ್ದಾನೆ. ಅತ್ತೆ ಸೀರೆ ಬದಲಿಸಿ, ಫೋನನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಗೊರಗಿ ಕೂತಿದ್ದಾರೆ. ಅವರ ನಂಬರು ಈ ಕಾಗದದ ಹಿಂದೆ ದೊಡ್ಡದಾಗಿ ಬರೆದಿದ್ದೇನೆ.

ಬೆಳಗಾಗುವ ಮೊದಲು ಫೋನು ಮಾಡು ಅಣ್ಣಾ. ಸೂರ್ಯ ಹುಟ್ಟಿದ ಮೇಲೆ ಅಲ್ಲ, ಪೂಜೆ ಮುಗಿದ ಮೇಲೆ ಅಲ್ಲ, ಈ ಸಾಲು ಓದಿದ ಕೂಡಲೇ. ಎಲ್ಲ ಹೇಳಲು ಬಾಯಿ ಬಾರದಿದ್ದರೆ ನನಗೆ ಗೊತ್ತಿಲ್ಲ ಎಂಬಷ್ಟನ್ನೇ ಹೇಳಿ ಇಟ್ಟುಬಿಡು, ಉಳಿದದ್ದನ್ನು ನಾವು ಮಾಡಿಕೊಳ್ಳುತ್ತೇವೆ. ಒಂದೇ ರಿಂಗಿಗೆ ಎತ್ತುತ್ತೇವೆ. ಫೋನು ಮಾಡು.

ವಿದ್ಯಾ